ನನ್ನ ಮಗಳನ್ನು ಬೇಡ ಎಂದ ರಬ್ಬಿ

ಕೆಲಸ ಕಳೆದುಕೊಂಡು ಮನೆಯಲ್ಲಿ ಕೂತ ಗಂಡಸಿಗೆ ಸಿಟ್ಟು ಮಾಡಿಕೊಳ್ಳುವ ಅಧಿಕಾರವೂ ಇರುವುದಿಲ್ಲ. ಸಂಬಳ ಬರುವಾಗ ಕೂಗಾಡಿದರೆ ‘ಪಾಪ, ಆಫೀಸಿನಲ್ಲಿ ಟೆನ್ಷನ್’ ಎನ್ನುತ್ತಾರೆ. ಸಂಬಳ ನಿಂತ ಮೇಲೆ ಕೂಗಾಡಿದರೆ ‘ಬೇರೆ ಏನ್ ಕೆಲಸ ಇದೆ ಅವರಿಗೆ’ ಎನ್ನುತ್ತಾರೆ. ಅಮೆರಿಕದ ಕಂಪನಿಗಳೆಲ್ಲ ಪೈಪೋಟಿಯ ಮೇಲೆ ಜನರನ್ನು ಮನೆಗೆ ಕಳಿಸುತ್ತಿದ್ದ ಆ ವರ್ಷ ನನ್ನನ್ನೂ ಕಳಿಸಿದರು. ಸ್ಕೋಕಿ ಎಂಬ ಊರಿನ ನಮ್ಮ ಮನೆಯ ಊಟದ ಮೇಜಿನ ಮುಂದೆ ಕೂತು ದಿನವಿಡೀ ಅಪ್ಲೈ ಮಾಡುವುದು, ‘ನಿಮ್ಮ ಅನುಭವ ಮೆಚ್ಚಿದೆವು, ಆದರೆ’ ಎಂಬ ಉತ್ತರ ಓದುವುದು, ಇದೇ ನನ್ನ ಉದ್ಯೋಗ. ಆ ‘ಆದರೆ’ಯನ್ನು ಕಂಡರೆ ಇವತ್ತಿಗೂ ಮೈ ಉರಿಯುತ್ತದೆ.

ಹಾಗೆ ಕೂತಿದ್ದರಿಂದಲೇ ಮಗಳು ನನ್ನ ಕಣ್ಣಿಗೆ ಬಿದ್ದದ್ದು. ಶ್ರುತಿಗೆ ಆಗ ಇಪ್ಪತ್ತೆರಡು. ಶುಕ್ರವಾರ ಸೂರ್ಯ ಮುಳುಗಿದರೆ ಶನಿವಾರ ಕತ್ತಲಾಗುವ ತನಕ ಫೋನ್ ಮುಟ್ಟುವುದಿಲ್ಲ, ಕಾರು ಹತ್ತುವುದಿಲ್ಲ, ಲೈಟಿನ ಸ್ವಿಚ್ ಒತ್ತುವುದಿಲ್ಲ. ತನ್ನ ತಟ್ಟೆ ಬೇರೆ, ಲೋಟ ಬೇರೆ. ಏನೇ ಇದು ಎಂದು ಕೇಳಿದರೆ, ತಾನು ಯಹೂದಿ ಧರ್ಮಕ್ಕೆ ಸೇರುವವಳಿದ್ದೇನೆ ಎಂದು ಇಂಗ್ಲಿಷಿನಲ್ಲಿ, ಇವತ್ತು ಮಳೆ ಬರಬಹುದು ಎನ್ನುವಷ್ಟು ತಣ್ಣಗೆ ಹೇಳಿದಳು. “ಯಾರೇ ಆ ಹುಡುಗ?” ಎಂದು ಕೂಗಿದೆ. “ದೇರ್ ಈಸ್ ನೋ ಹುಡುಗ, ಅಪ್ಪಾ” ಎಂದಳು. ಇದ್ದಿದ್ದರೇ ವಾಸಿಯಿತ್ತು. ಹುಡುಗನಾದರೆ ಬೈದು ಓಡಿಸಬಹುದು, ದೇವರನ್ನು ಓಡಿಸುವುದು ಹೇಗೆ? ನನ್ನ ಹೆಂಡತಿ ವತ್ಸಲಾ ಸೌಟು ಹಿಡಿದುಕೊಂಡೇ ಅಡುಗೆಮನೆಯಿಂದ ಬಂದಳು. “ನಿಮ್ಮಮ್ಮನ ಮಡಿ ತಡೀಲಾರದೆ ಮೈಸೂರು ಬಿಟ್ಟು ಇಲ್ಲೀವರೆಗೂ ಓಡಿ ಬಂದೆ ಕಣ್ರೀ. ಈಗ ನೋಡಿ, ಮಡಿ ನನ್ನ ಹೊಟ್ಟೇಲೇ ಹುಟ್ಟಿದೆ!”

ಒಂದು ಚಳಿಗಾಲವಿಡೀ ನಾನು ಕೂಗಾಡಿದೆ. ನಮ್ಮದರಲ್ಲಿ ಏನೇ ಕಮ್ಮಿ ಎಂದೆ. ಏನೇನಿದೆ ಹೇಳು ಎಂದಳು. “ಎಲ್ಲಾ ಇದೆ” ಎಂದೆ. ಜನಿವಾರ ಯಾವ ಸೂಟ್‌ಕೇಸಿನಲ್ಲಿದೆ ಎಂದು ತಿಳಿಯದವನಿಗೆ, ಪುಳಿಯೋಗರೆ ಇರುವ ಭಾನುವಾರ ನೋಡಿಕೊಂಡು ದೇವಸ್ಥಾನಕ್ಕೆ ಹೋಗುವವನಿಗೆ, ಅದಕ್ಕಿಂತ ವಿವರವಾಗಿ ಹೇಳಲು ಬರಲಿಲ್ಲ. ಮಗಳು ಅದನ್ನು ಎತ್ತಿ ಆಡಲೂ ಇಲ್ಲ, ಹಾಳಾದವಳು! ಆದರೆ ನನ್ನ ಹೊಟ್ಟೆ ಉರಿದದ್ದು ಧರ್ಮಕ್ಕಲ್ಲ. ಅಲ್ಲಿಗೆ ಸೇರಿದವರಿಗೆ ಹೊಸ ಹೆಸರಿಡುತ್ತಾರಂತೆ, ತಂದೆಯ ಜಾಗದಲ್ಲಿ ಅವರ ಮೂಲಪುರುಷ ಅಬ್ರಹಾಮನ ಹೆಸರು ಬರುತ್ತದಂತೆ. ಜ್ವರ ಬಂದಾಗ ರಾತ್ರಿಯಿಡೀ ಹೆಗಲ ಮೇಲೆ ಹಾಕಿಕೊಂಡು ಓಡಾಡಿದ ನಾನು ಹಾಗಾದರೆ ಯಾರು? ಅವಳು ಇನ್ನು ಯಾರ ಮಗಳು?

ಒಂದು ಭಾನುವಾರ ಮಧ್ಯಾಹ್ನ ಶ್ರುತಿ ಹೊರಗಿನಿಂದ ಬಂದವಳೇ ಕೋಣೆ ಸೇರಿ ಬಾಗಿಲು ಹಾಕಿಕೊಂಡಳು. ಒಳಗಿಂದ ಅಳು ಕೇಳಿಸಿತು. “ಅವರ ಗುರು ಇದಾರಲ್ಲ, ರಬ್ಬಿ, ಅವರು ಬೇಡ ಅಂದ್ರಂತೆ ರೀ. ಇದು ಎರಡನೇ ಸಲ. ನೀನಿನ್ನೂ ರೆಡಿ ಇಲ್ಲ, ಹೋಗಮ್ಮ ಅಂದ್ರಂತೆ” ಎಂದಳು ವತ್ಸಲಾ. ನ್ಯಾಯವಾಗಿ ನಾನು ಬೀದಿಗೆಲ್ಲ ಸಕ್ಕರೆ ಹಂಚಬೇಕಿತ್ತು. ಕಾರಿನ ಕೀ ತೆಗೆದುಕೊಂಡೆ. ನನ್ನನ್ನು ದಿನಕ್ಕೆ ಮೂವರು ಬೇಡ ಅನ್ನುತ್ತಿದ್ದರು, ಸಹಿಸಿಕೊಂಡಿದ್ದೆ. ನನ್ನ ಮಗಳನ್ನು ಬೇಡ ಅನ್ನಲು ಇವನ್ಯಾವ ದೊಣ್ಣೆನಾಯಕ?

ಅವರ ಪ್ರಾರ್ಥನಾ ಮಂದಿರ ನಮ್ಮಿಂದ ಎರಡು ಮೈಲಿ. ನರೆತ ಗಡ್ಡದ ರಬ್ಬಿ ಎದ್ದು ಕುರ್ಚಿ ತೋರಿಸಿದರು. ನಾನು ಕೂರಲಿಲ್ಲ. ಅಷ್ಟು ಒಳ್ಳೆಯ ಇಂಗ್ಲಿಷನ್ನು ನಾನು ಯಾವ ಇಂಟರ್‌ವ್ಯೂನಲ್ಲೂ ಆಡಿಲ್ಲ. “ರೆಡಿ ಇಲ್ಲ ಅಂದರೇನು? ಸೊನ್ನೆಗಿಂತ ಕೆಳಗಿನ ಚಳಿಯಲ್ಲಿ ಹಿಮ ತುಳಿದುಕೊಂಡು ಪ್ರತಿ ಶನಿವಾರ ಇಲ್ಲಿಗೆ ನಡೆದು ಬರುತ್ತಾಳೆ. ನಾನು ಕಾರು ತಂದು ಹಿಂದೆ ಹಿಂದೆಯೇ ಬಂದು ಕರೆದರೂ ಹತ್ತಲಿಲ್ಲ. ಒಬ್ಬಳೇ ಕೂತು ನಿಮ್ಮ ಲಿಪಿ ಕಲಿತಳು. ಆರು ತಿಂಗಳು ನನ್ನ ಕೈಲಿ ಬೈಸಿಕೊಂಡಳು, ಒಂದು ಕೆಟ್ಟ ಮಾತು ಎದುರಾಡಲಿಲ್ಲ. ನಿಮ್ಮಲ್ಲೇ ಹುಟ್ಟಿದವರು ಎಷ್ಟು ಜನ ಇಷ್ಟು ಮಾಡ್ತಾರೆ? ನನ್ನ ಮಗಳು ರೆಡಿ ಇಲ್ಲ ಅಂದ್ರೆ ಇನ್ಯಾರು ಸ್ವಾಮಿ ರೆಡಿ?” ಮೇಜನ್ನೂ ಗುದ್ದಿದೆನೆಂದು ನೆನಪು.

ರಬ್ಬಿ ಪೂರ್ತಿ ಕೇಳಿಸಿಕೊಂಡರು. ಸೇರಲು ಬಂದವರನ್ನು ಮೊದಮೊದಲು ವಾಪಸ್ಸು ಕಳಿಸುವುದು ಅವರ ಹಳೆಯ ಪದ್ಧತಿಯಂತೆ. ಮತ್ತೆ ಬರುತ್ತಾರೋ ಎಂದು ನೋಡುತ್ತಾರಂತೆ. “ಆದರೆ ನನ್ನ ಚಿಂತೆ ಬೇರೆ ಇತ್ತು” ಎಂದರು. “ಮನೆಯ ಸಂಬಂಧ ಕಡಿದುಕೊಂಡು ಬರುವ ಹುಡುಗಿಯನ್ನು ನಾನು ಸೇರಿಸಿಕೊಳ್ಳುವುದಿಲ್ಲ. ನಿನ್ನ ತಂದೆ ಏನನ್ನುತ್ತಾರೆ ಎಂದು ಎರಡು ಸಲವೂ ಕೇಳಿದೆ. ಎರಡು ಸಲವೂ ಅತ್ತಳು. ಈಗ ತಂದೆಯೇ ಬಂದು ಹೇಳಿದಿರಲ್ಲ.” ಹೀಗೆಂದು ಪೆನ್ನು ತೆಗೆದು ಅವಳ ಹೆಸರು ಬರೆದುಕೊಂಡರು. ನಾನು ಆಗ ಕೂತೆ.

ಮನೆಗೆ ಬಂದಾಗ ಶ್ರುತಿ ಬಾಗಿಲಲ್ಲೇ ನಿಂತಿದ್ದಳು, ಕಣ್ಣು ಊದಿತ್ತು.

“ಜಗಳ ಆಡ್ದ್ಯಾ ಅಪ್ಪಾ?” ಎಂದಳು, ಕನ್ನಡದಲ್ಲಿ.

“ಆಡ್ದೆ.”

“ಗೆದ್ದ್ಯಾ?”

ಗೆದ್ದಿದ್ದೆ. ಗೆದ್ದೆನಲ್ಲ ಎಂಬ ಸಿಟ್ಟು ಇನ್ನೂ ಇಳಿದಿಲ್ಲ.