ಒಂಬತ್ತನೇ ತರಗತಿಯವರಿಗೆ ತಾವಾಗಿಯೇ ಅರ್ಥವಾದ ಬಗ್ಗೆ

ಸಂಖ್ಯೆ: ಓ.ಗ್ರ./ಹಂತ-೪/ತಡೆ/೧೭

ವಿಷಯ: ಪ್ರೌಢಶಾಲಾ ವಿದ್ಯಾರ್ಥಿಗಳಿಗೆ ಓದಿ ಅರ್ಥ ಮಾಡಿಕೊಳ್ಳುವ ಸ್ವಾತಂತ್ರ್ಯವನ್ನು ಹಂತ ಹಂತವಾಗಿ ನೀಡುವ, ಹಾಗೂ ಕೊನೆಯ ಹಂತದಲ್ಲಿ ನೀಡದಿರುವ ಕುರಿತು.

ಉಲ್ಲೇಖ: ೧. ಇದೇ ಕಚೇರಿಯ ಹಿಂದಿನ ವರ್ಷದ ಸುತ್ತೋಲೆ (ಓದಿರುವುದಿಲ್ಲ).
೨. ಕೊನೆಯ ಬೆಂಚಿನ ವಿದ್ಯಾರ್ಥಿನಿಯ ಮೌಖಿಕ ಪ್ರಶ್ನೆ.

ಮೊದಲು ಶಿಕ್ಷಕರು ಓದಿ ತೋರಿಸುವುದು, ನಂತರ ಎಲ್ಲರೂ ಕೂಡಿ, ಬಳಿಕ ಇಬ್ಬಿಬ್ಬರಾಗಿ, ಕೊನೆಗೆ ಒಬ್ಬೊಬ್ಬರೇ ಓದುವುದು ಎಂಬ ನಾಲ್ಕು ಹಂತಗಳ ಕ್ರಮವನ್ನು ಈ ಕಚೇರಿಯೇ ಜಾರಿಗೆ ತಂದಿರುತ್ತದೆ. ನಾಲ್ಕನೆಯ ಹಂತವನ್ನು ಯಾರಾದರೂ ಮುಟ್ಟುವರೆಂದು ನಿರೀಕ್ಷಿಸಿರಲಿಲ್ಲ. ಆದರೆ ಭಾಷಾ ಶಿಕ್ಷಕಿಯೊಬ್ಬರು ಮುಟ್ಟಿಸಿಯೇಬಿಟ್ಟಿದ್ದಾರೆ. ಅಭ್ಯಾಸದ ಹಾಳೆಗಳು ಮುಗಿದಿದ್ದರಿಂದ, ಸೂಚನಾ ಫಲಕದಲ್ಲಿದ್ದ ಉಲ್ಲೇಖ ೧ರ ಸುತ್ತೋಲೆಯನ್ನೇ ಕಿತ್ತು ತಂದು ಓದಲು ಕೊಟ್ಟಿದ್ದಾರೆ. ಏಳು ತಿಂಗಳಿಂದ ತುಟಿ ಪಿಟಕ್ಕೆನ್ನದಿದ್ದ ಕೊನೆಯ ಬೆಂಚಿನ ವಿದ್ಯಾರ್ಥಿನಿಯು, ತಪಾಸಣೆಗೆ ಬಂದಿದ್ದ ಅಧೀಕ್ಷಕರ ಎದುರೇ ಎದ್ದು ನಿಂತು, "ಸರ್, ಕೊನೇ ಅಂಶ ನೋಡಿ. ಓದೋ ಕೋಣೇಲಿರೋ ನಿಮ್ಮ ಹಳೇ ಕಡತ ಎಲ್ಲ ತೆಗೆದು, ಬೀಗದ ಕೈ ನಮಗೇ ಕೊಡಬೇಕು ಅಂತಿದೆಯಲ್ಲ. ಯಾವಾಗ ಕೊಡ್ತೀರಾ?" ಎಂದು ಕೇಳಿರುತ್ತಾಳೆ.

ಸದರಿ ಸುತ್ತೋಲೆಗೆ 'ಓದಿ ತಿಳಿದುಕೊಂಡೆ' ಎಂದು ಇಪ್ಪತ್ತೆರಡು ಮಂದಿ ಸಹಿ ಹಾಕಿದ್ದು, ಮೊದಲ ಸಹಿ ಅಧೀಕ್ಷಕರದೇ ಆಗಿರುತ್ತದೆ. ಅವರಿಗೆ ಮುಖ ಎಲ್ಲಿಟ್ಟುಕೊಳ್ಳುವುದೆಂದು ತಿಳಿಯದೆ, ಹಾಜರಿ ಪುಸ್ತಕದಲ್ಲಿ ಇಟ್ಟುಕೊಂಡಿರುತ್ತಾರೆ.

ಆದ್ದರಿಂದ ಈ ಮೂಲಕ ಸೂಚಿಸಲಾಗಿದೆ:

೧. ಅರ್ಥವಾಗುವುದಕ್ಕೆ ಮೂರು ದಿನ ಮುಂಚಿತವಾಗಿ ಲಿಖಿತ ಅನುಮತಿ ಪಡೆಯತಕ್ಕದ್ದು. ಓದುತ್ತಿರುವಾಗಲೇ ಥಟ್ಟನೆ ಅರ್ಥವಾದಲ್ಲಿ, ಅನುಮತಿ ಬರುವವರೆಗೆ ಏನೂ ಗೊತ್ತಿಲ್ಲದವರಂತೆ ಕೂರತಕ್ಕದ್ದು. ಈ ಬಗ್ಗೆ ಕಚೇರಿ ಸಿಬ್ಬಂದಿಯೇ ತರಬೇತಿ ನೀಡುವರು. ಅವರಿಗೆ ದೀರ್ಘ ಅನುಭವವಿದೆ.

೨. ಜೋಡಿಯಾಗಿ ಓದುವಾಗ ಒಬ್ಬರಿಗೆ ಮಾತ್ರ ಅರ್ಥವಾಗತಕ್ಕದ್ದು. ಇನ್ನೊಬ್ಬರು ತಲೆಯಾಡಿಸತಕ್ಕದ್ದು.

೩. ನಾಲ್ಕನೆಯ ಹಂತದಲ್ಲಿ ವಿದ್ಯಾರ್ಥಿಯು ಸಂಪೂರ್ಣ ಸ್ವತಂತ್ರವಾಗಿ ಓದತಕ್ಕದ್ದು. ಸದರಿ ಸ್ವಾತಂತ್ರ್ಯವನ್ನು ಕಾಯಲು ತಲಾ ಇಬ್ಬರು ಮೇಲ್ವಿಚಾರಕರನ್ನು ನೇಮಿಸಲಾಗುವುದು.

೪. 'ಯಾಕೆ' ಎಂಬ ಪ್ರಶ್ನೆಯನ್ನು ತಿಂಗಳ ಕೊನೆಯ ಶನಿವಾರ, ಮನೆಗೆ ಹೋಗುವ ಗಂಟೆ ಬಾರಿಸಿದ ನಂತರ ಕೇಳಬಹುದು. 'ಯಾವಾಗ' ಎಂದು ಎಂದಿಗೂ ಕೇಳತಕ್ಕದ್ದಲ್ಲ.

೫. ಇಲಾಖೆಯ ಸುತ್ತೋಲೆಗಳನ್ನು ಪಾಠಕ್ಕೆ ಬಳಸುವಂತಿಲ್ಲ. ಅವು ಓದುವುದಕ್ಕಾಗಿ ಬರೆದವಲ್ಲ. ಶಿಕ್ಷಕಿಯು ಎರಡು ದಿನದೊಳಗೆ ವಿವರಣೆ ಸಲ್ಲಿಸತಕ್ಕದ್ದು. ತಪ್ಪಿದಲ್ಲಿ ತರಗತಿಯನ್ನು ಅವರ ಕೈಯಿಂದ ಬಿಡಿಸಲಾಗುವುದು. ವಿವರಣೆಯು ಅರ್ಥವಾಗುವಂತೆ ಇರಕೂಡದು.

೬. ಕಚೇರಿಯ ವಾಡಿಕೆಯಂತೆ, ಹಿಂದಿನ ಸುತ್ತೋಲೆಯ ಕೊನೆಯ ಅಂಶವನ್ನು ಬೆರಳಚ್ಚುಗಾರ್ತಿಯವರು ಯಥಾವತ್ತಾಗಿ ಇಲ್ಲಿ ಇಳಿಸಿರುತ್ತಾರೆ: ಓದುವ ಕೋಣೆಯಲ್ಲಿರುವ ಕಚೇರಿ ಕಡತಗಳನ್ನು ಕೂಡಲೇ ತೆರವುಗೊಳಿಸಿ, ಬೀಗದ ಕೈಯನ್ನು ವಿದ್ಯಾರ್ಥಿಗಳ ವಶಕ್ಕೆ ಒಪ್ಪಿಸತಕ್ಕದ್ದು.

ಓದಿ ತಿಳಿದುಕೊಂಡೆ.
ಸಹಿ/-
ಅಧೀಕ್ಷಕರು

ಪ್ರತಿಗಳು:
೧. ಭಾಷಾ ಶಿಕ್ಷಕಿಗೆ – ವಿವರಣೆಗಾಗಿ.
೨. ಉಳಿದ ಇಪ್ಪತ್ತೊಂದು ಮಂದಿಗೆ – ಎಂದಿನಂತೆ ಸಹಿಗಾಗಿ.
೩. ಸೂಚನಾ ಫಲಕಕ್ಕೆ – ಬರಹದ ಬದಿ ಗೋಡೆಗೆ ತಾಗುವಂತೆ.
೪. ಕೊನೆಯ ಬೆಂಚಿನ ವಿದ್ಯಾರ್ಥಿನಿಗೆ – ಅಂಶ ೬ರ ಪ್ರಕಾರ, ಬೀಗದ ಕೈ ಲಗತ್ತಿಸಿದೆ.