ಕಾರ್ಯದರ್ಶಿ ಕಟ್ಟಿಸಿದ ಇಳಿಜಾರು

ಚಳ್ಳಕೆರೆಯ ನಮ್ಮ ವಾಲಿಬಾಲ್ ಸಂಘಕ್ಕೆ ನಾನು ಕಾರ್ಯದರ್ಶಿಯಾದದ್ದು ಆಟದ ಬಲದಿಂದಲ್ಲ, ಅಕ್ಷರದ ಬಲದಿಂದ. ತೊಂಬತ್ತರ ದಶಕದ ಕೊನೆಯ ಆ ವರ್ಷಗಳಲ್ಲಿ ಚೆಂಡು ಹೊಡೆಯುವವರು ಬೇಕಾದಷ್ಟಿದ್ದರು. ಅರ್ಜಿ ಬರೆಯುವವನು ನಾನೊಬ್ಬನೇ.

ಮೈದಾನದ ಎದುರಿಗೆ ಮಹಬೂಬ್ ಸಾಬರ ಸೈಕಲ್ ರಿಪೇರಿ ಅಂಗಡಿ. ಅವರ ಮಗಳು ನಸೀಮಾಗೆ ಆಗ ಹತ್ತೊಂಬತ್ತು. ಚಿಕ್ಕಂದಿನಲ್ಲಿ ಪೋಲಿಯೋ ಆಗಿ ಬಲಗಾಲು ಸೋತಿತ್ತು. ಕಾಲಿಗೆ ಕ್ಯಾಲಿಪರ್ ಕಟ್ಟಿಕೊಂಡು ಅಂಗಡಿಯಲ್ಲಿ ಚಕ್ರದ ಕಡ್ಡಿ ಬಿಗಿಯುತ್ತಿದ್ದಳು. ಸಂಜೆ ನಾವು ಆಡುವಾಗ ಅಲ್ಲಿಂದಲೇ, "ಚೆಂಡು ಗೆರೆ ಆಚೆ ಬಿತ್ತು, ಸುಳ್ಳು ಹೇಳಬ್ಯಾಡ್ರಿ" ಎಂದು ಕೂಗುತ್ತಿದ್ದಳು. ಅವಳು ಹೇಳಿದ್ದು ಯಾವಾಗಲೂ ಸರಿಯಿರುತ್ತಿತ್ತು.

ಇಂಥವರಿಗೂ ನಮ್ಮ ಸಂಘ ಬಾಗಿಲು ತೆರೆಯಬೇಕೆಂದು ಒಂದು ದಿನ ನನಗೆ ಹೊಳೆಯಿತು. ರಸ್ತೆ ದಾಟಿ ಹೋಗಿ "ಆಡ್ತೀಯೇನಮ್ಮ?" ಎಂದು ಕೇಳಿದ್ದರೆ ಅರ್ಧ ನಿಮಿಷದಲ್ಲಿ ಕೆಲಸ ಮುಗಿಯುತ್ತಿತ್ತು. ಆದರೆ ನಾನು ಕಾರ್ಯದರ್ಶಿ. ಸಭೆ ಕರೆದೆ. 'ಅಂಗವಿಕಲ ಯುವಜನರ ಕ್ರೀಡಾ ಪ್ರೋತ್ಸಾಹ ದಿನ'ವನ್ನು ಆಚರಿಸತಕ್ಕದ್ದೆಂದು ಸರ್ವಾನುಮತದಿಂದ ನಿರ್ಣಯಿಸಲಾಯಿತು.

ಮನೆಗೆ ಬಂದು ಹೆಂಡತಿ ಗಿರಿಜಾಗೆ ಹೇಳಿದೆ. ಅವಳು ರೊಟ್ಟಿ ತಟ್ಟುತ್ತಲೇ ಕೇಳಿದಳು:

"ಯಾವ ಆಟ ಆಡಿಸ್ತೀರಿ?"

"ಅದೆಲ್ಲ ಆಮೇಲೆ. ಮೊದಲು ಭಾಷಣ ಬರೀಬೇಕು."

"ಓಹೋ. ಹಂಗಾದ್ರೆ ಆಡೋರು ನೀವೊಬ್ರೇ ಅನ್ನಿ."

ಹೆಂಗಸರಿಗೆ ಸಂಘಟನೆಯ ಸೂಕ್ಷ್ಮಗಳು ತಿಳಿಯುವುದಿಲ್ಲ ಎಂದುಕೊಂಡೆ.

ಮೊಳಕಾಲ್ಮೂರಿನಲ್ಲಿ ಓಬಳೇಶ ಎಂಬ ಯುವಕನಿದ್ದಾನೆ, ಎರಡೂ ಕಾಲಿಲ್ಲದಿದ್ದರೂ ಕೈಯಿಂದ ತಿರುಗಿಸುವ ಮೂರು ಚಕ್ರದ ಗಾಡಿಯಲ್ಲಿ ಊರೆಲ್ಲ ಸುತ್ತುತ್ತಾನೆ ಎಂದು ಯಾರೋ ಹೇಳಿದ್ದರು. ಆಹ್ವಾನಿಸಲು ನಾನೇ ಬಸ್ಸು ಹತ್ತಿದೆ. ನೇಕಾರರ ಮನೆ. ಒಳಗೆ ಮಗ್ಗದ ಸದ್ದು. ಬಾಗಿಲ ಬಳಿ ಓಬಳೇಶ ಕೂತು ರಾಟೆ ತಿರುಗಿಸುತ್ತ ರೇಷ್ಮೆ ಸುತ್ತುತ್ತಿದ್ದ. ನಾನು ಅವನನ್ನು ದಾಟಿಕೊಂಡು ಹೋಗಿ ಅವನ ತಾಯಿಯನ್ನು ಕೇಳಿದೆ:

"ನಿಮ್ಮ ಹುಡುಗ ಬರ್ತಾನೇನಮ್ಮ? ಊಟ ಗೀಟ ತಾನೇ ಮಾಡ್ತಾನಾ?"

ಆಕೆ ಮಗನತ್ತ ತಿರುಗಿ ತೆಲುಗಿನಲ್ಲಿ, "ಏಮ್ರಾ, ಪೋತಾವಾ?" — ಏನೋ, ಹೋಗ್ತೀಯಾ — ಎಂದರು.

"ನಾನು ಇಲ್ಲೇ ಅದೀನಲ್ರಿ ಸಾರ್, ನನ್ನೇ ಕೇಳ್ರಿ" ಎಂದ ಓಬಳೇಶ. "ಊಟ ಮಾಡ್ತೀನಿ. ಯಾವ ಆಟ?"

"ನೀನು ಬಂದು ಭಾಗವಹಿಸಿದರೆ ಸಾಕಪ್ಪ."

"ಅಂದ್ರೆ ಸುಮ್ನೆ ಕೂರೋದಾ? ಕೂರೋದಾದ್ರೆ ಇಲ್ಲೇ ಕೂತೀನಿ." ಆದರೂ ಸ್ವಲ್ಪ ಹೊತ್ತು ರಾಟೆ ನಿಲ್ಲಿಸಿ ಯೋಚಿಸಿದ. "ಆಟ ಇರೋದು ಖರೇನಾದ್ರೆ ಬರ್ತೀನಿ."

ಖರೆ ಎಂದು ಮಾತು ಕೊಟ್ಟು ಬಂದೆ.

ಗಾಡಿಯವರು ವೇದಿಕೆಗೆ ಹತ್ತಲು ಒಂದು ಇಳಿಜಾರು ಬೇಕಿತ್ತು. ಗಾರೆಯವನು ಉದ್ದ ಎಷ್ಟು ಎಂದು ಕೇಳಿದ. ಉದ್ದ ಮಾಡಿದರೆ ಗಣ್ಯರ ಕುರ್ಚಿಗೆ ಜಾಗವಿರುವುದಿಲ್ಲ, ಗಿಡ್ಡಕ್ಕೆ ಮಾಡು ಎಂದೆ. ಮಾಡಿದ. ಮಹಬೂಬ್ ಸಾಬರು ಬಂದು ನೋಡಿ, "ಜಾರುಬಂಡಿ ಚೆನ್ನಾಗೈತೆ ಸಾಬ್, ಮಕ್ಕಳಿಗೆ ಖುಷಿಯಾಗ್ತೈತೆ" ಎಂದು ಹೊಗಳಿ ಹೋದರು.

ಕಾರ್ಯಕ್ರಮದ ಭಾನುವಾರ ಆಹ್ವಾನಿತರು ಏಳು ಜನ ಬಂದರು. ನಾಲ್ವರು ಗಾಡಿಯಲ್ಲಿ. ಓಬಳೇಶ ತನ್ನ ಗಾಡಿಯನ್ನು ಬಸ್ಸಿನ ಮೇಲೆ ಹಾಕಿಸಿಕೊಂಡು ಬಂದಿದ್ದ. ನಾನು ಹಾರ ಹಿಡಿದು ಬಾಗಿಲಿಗೆ ಓಡಿದೆ. ಅಲ್ಲಿ ದನ ನುಗ್ಗದಿರಲೆಂದು ಸಂಘವೇ ನಟ್ಟು ಬಿಗಿಸಿ ನಿಲ್ಲಿಸಿದ್ದ ಕಬ್ಬಿಣದ ಕಂಬಗಳಿದ್ದವು. ಒಬ್ಬ ಮನುಷ್ಯ ಅಡ್ಡಡ್ಡಲಾಗಿ ನುಸುಳಬಹುದಿತ್ತು. ವೇದಿಕೆ ಹತ್ತುವ ದಾರಿ ಮಾಡಿದ್ದ ನಾನು ಮೈದಾನದೊಳಗೆ ಬರುವ ದಾರಿಯನ್ನು ಮರೆತಿದ್ದೆ.

ನಾಲ್ಕು ಗಾಡಿಗಳು ಬಿಸಿಲಲ್ಲಿ ನಿಂತವು. ನಾನು ಹಾರ ಹಿಡಿದು ಒಳಗೆ ನಿಂತೆ. ನಸೀಮಾ ಅಂಗಡಿಯಿಂದ ಸ್ಪ್ಯಾನರ್ ತಂದು ನೆಲದಲ್ಲಿ ಕೂತು ಕಂಬದ ನಟ್ಟು ಬಿಚ್ಚತೊಡಗಿದಳು. "ಮೊದ್ಲೇ ಹೇಳಿದ್ರೆ ನಿನ್ನೆ ಸಂಜೇನೇ ಬಿಚ್ತಿದ್ದೆ" ಎಂದಳು.

ಒಳಗೆ ಬಂದ ಓಬಳೇಶ ಇಳಿಜಾರನ್ನು ನೋಡಿ, "ಇದನ್ನ ಹತ್ತಾಕಾಗಲ್ಲ ಸಾರ್" ಎಂದ. ಆತ್ಮವಿಶ್ವಾಸದ ಕೊರತೆ ಎಂದು ನಾನು ಭಾವಿಸಿದೆ. ಅವನನ್ನು ಕುರ್ಚಿಯಲ್ಲಿ ಕೂರಿಸಿ, ಧೈರ್ಯ ತುಂಬಲೋಸುಗ ಅವನ ಗಾಡಿಯಲ್ಲಿ ನಾನೇ ಕೂತೆ. ಅರ್ಧದವರೆಗೆ ಏರಿದೆ. ಅಲ್ಲಿಗೆ ನನ್ನ ತೋಳುಗಳ ಕಾರ್ಯಾವಧಿ ಮುಗಿಯಿತು. ಬ್ರೇಕ್ ಎಲ್ಲಿದೆಯೆಂದು ಕೇಳಿರಲಿಲ್ಲ. ಗಾಡಿ ಹಿಮ್ಮುಖವಾಗಿ ಹೊರಟು, ನಿಂಬೆ ಷರಬತ್ತಿನ ಡ್ರಮ್ಮಿಗೆ ಬಡಿದು ನಿಂತಿತು. ಷರಬತ್ತು ಮಾತ್ರ ನಿಲ್ಲಲಿಲ್ಲ. ನೋಡಲು ಬಂದಿದ್ದ ಊರ ಜನ ಚಪ್ಪಾಳೆ ತಟ್ಟಿದರು, ಇದೂ ಒಂದು ಸ್ಪರ್ಧೆ ಎಂದುಕೊಂಡಿದ್ದರು.

ಓಬಳೇಶ ನಗಲಿಲ್ಲ. "ನನ್ನ ಗಾಡಿ ನೋಡ್ರಿ" ಎಂದ. ಹಿಂದಿನ ಚಕ್ರ ಸೊಟ್ಟಗಾಗಿತ್ತು. ನನಗದು ಗಾಡಿ, ಅವನಿಗದು ಕಾಲು. ನಸೀಮಾ ಚಕ್ರ ಬಿಚ್ಚಿಕೊಂಡು ಅಂಗಡಿಗೆ ಹೋದಳು.

ಗಾಬರಿಯಲ್ಲಿ ಕಾರ್ಯಕ್ರಮ ಮುಂದುವರಿಯಲಿ ಎಂದು ಮೈಕು ಹಿಡಿದು ಮೊದಲ ಸ್ಪರ್ಧೆಯನ್ನು ಘೋಷಿಸಿದೆ: ಸಂಗೀತ ಕುರ್ಚಿ. ಉಳಿದ ಮೂವರು ಗಾಡಿಯವರು ತಮ್ಮ ತಮ್ಮ ಕುರ್ಚಿಯ ಸಮೇತವೇ ಬಂದಿದ್ದರು.

"ಚಕ್ರ ರೆಡಿಯಾದ ಕೂಡ್ಲೆ ಹೊರಡ್ತೀನಿ" ಎಂದ ಓಬಳೇಶ. ಅವನ ದನಿಯಲ್ಲಿ ಸಿಟ್ಟಿರಲಿಲ್ಲ. "ನೀವು ಖರೆ ಅಂದಿದ್ರಿ. ನಂಬಿ ಬಂದೆ."

ಆ ಮಾತು ಷರಬತ್ತಿಗಿಂತ ತಣ್ಣಗೆ ಒಳಗಿಳಿಯಿತು. ಅವನ ಪಕ್ಕ ನೆಲದ ಮೇಲೆ ಕೂತೆ. ಒಂದು ತಿಂಗಳ ಸಿದ್ಧತೆಯ ನಂತರ ಮೊದಲ ಸಲ ಕೇಳಿದೆ: "ನಿನಗೆ ಏನು ಆಡಬೇಕು ಅಂತೈತಪ್ಪ?"

ಅವನು ವಾಲಿಬಾಲ್ ಬಲೆಯತ್ತ ಗಲ್ಲ ಎತ್ತಿದ. "ಅದು."

ಚಕ್ರ ಸರಿಮಾಡಿಕೊಂಡು ಬಂದಿದ್ದ ನಸೀಮಾಗೆ ಅದು ಕೇಳಿಸಿತು. "ಹಂಗಾದ್ರೆ ಬಲೆ ಇಳಿಸ್ರಿ" ಎಂದಳು. "ಅಂಗಳಾನೂ ಚಿಕ್ಕದು ಮಾಡ್ರಿ. ಎಲ್ರೂ ನೆಲದ ಮೇಲೆ ಕೂತು ಆಡೋದು. ನಿಂತು ಹೊಡ್ಯೋ ಹೀರೋಗಳೂ ಕೂತೇ ಹೊಡೀಬೇಕು."

ಬಲೆ ಇಳಿಯಿತು. ಆ ಕಡೆ ಅವರು ಏಳು ಜನ ಮತ್ತು ನಸೀಮಾ, ಈ ಕಡೆ ಸಂಘದವರು. ಓಬಳೇಶ ಎರಡು ಕೈ ಊರಿ ಸರಸರನೆ ಜರುಗುತ್ತಿದ್ದ. ಗಾಡಿ ನಡೆಸಿ, ರಾಟೆ ತಿರುಗಿಸಿ ಗಟ್ಟಿಯಾದ ತೋಳುಗಳು. ಅವನ ಮೊದಲ ಹೊಡೆತ ನನ್ನ ಕನ್ನಡಕವನ್ನು ಕೊಂಡೊಯ್ದಿತು. ನಮ್ಮ ಹೆಸರಾಂತ ಆಟಗಾರರಿಗೆ ಕಾಲನ್ನು ಎಲ್ಲಿಡಬೇಕೆಂದೇ ತಿಳಿಯಲಿಲ್ಲ. ಮರೆತು ಎದ್ದು ನಿಂತವರಿಗೆಲ್ಲ ನಸೀಮಾ, "ಫೌಲು, ಕೂತ್ಕೊಳ್ರಿ" ಎನ್ನುತ್ತಿದ್ದಳು. ಮೂರು ಸುತ್ತೂ ಸೋತೆವು. ಓಬಳೇಶ ಕೊನೆಯ ಬಸ್ಸಿನ ಹೊತ್ತಾದರೂ "ಇನ್ನೊಂದೇ ಆಟ" ಎನ್ನುತ್ತ ಕೂತಿದ್ದ. ಭಾಷಣ ಜೇಬಿನಲ್ಲೇ ನಿಂಬೆರಸ ಹೀರಿ ಮುದ್ದೆಯಾಗಿತ್ತು. ಯಾರೂ ಅದನ್ನು ಕೇಳಲಿಲ್ಲ.

ಆಮೇಲೆ ಹದಿನೈದು ದಿನಕ್ಕೊಮ್ಮೆ ಕೂತು ಆಡುವ ಭಾನುವಾರ ನಿಗದಿಯಾಯಿತು. ವೇದಿಕೆಯ ಇಳಿಜಾರನ್ನು ಒಡೆಸಿದೆವು. ಮೈದಾನದ ಬಾಗಿಲನ್ನು ನಸೀಮಾ ಹೇಳಿದ ಅಳತೆಗೆ ಅಗಲ ಮಾಡಿಸಿದೆವು. ಆಟಗಾರರ ಆಯ್ಕೆ ಅವಳದೇ. ಬಹಳ ಬೇಡಿಕೊಂಡ ಮೇಲೆ ನನಗೂ ಹಿಂದಿನ ಸಾಲಿನ ಮೂಲೆಯಲ್ಲಿ ಜಾಗ ಸಿಕ್ಕಿತು.

ಒಮ್ಮೆ ರಾಂಪುರದ ಕಡೆಯ ಒಬ್ಬ ತಾಯಿ ತನ್ನ ಮಗಳನ್ನು ಸೇರಿಸಲು ಬಂದಿದ್ದರು. ನಾನು ಚೆಂಡಿಗೆಂದು ಎಡಕ್ಕೆ ವಾಲಿ, ವಾಲಿದವನು ಏಳಲಾಗದೆ ಉರುಳಿ, ಧೂಳಿನಲ್ಲಿ ಒದ್ದಾಡುತ್ತಿದ್ದೆ. ಆಕೆ ಬಹಳ ಹೊತ್ತು ನನ್ನನ್ನೇ ನೋಡಿ, ಕಣ್ಣಲ್ಲಿ ನೀರು ತಂದುಕೊಂಡು ನಸೀಮಾಳನ್ನು ಮೆಲ್ಲಗೆ ಕೇಳಿದರು:

"ಪಾಪ, ಇವರಿಗೆ ಹುಟ್ಟಿನಿಂದಾನೇ ಹಿಂಗಾ?"

"ಇಲ್ಲಮ್ಮ" ಎಂದಳು ನಸೀಮಾ. "ಇವರು ಕಾರ್ಯದರ್ಶಿ."