ಯಲ್ಲಮ್ಮ ತೆಗೆದುಕೊಂಡ ತರಗತಿ

ತರಬೇತಿ ಮುಗಿಸಿ ಬಂದ ಮೇಷ್ಟರನ್ನು ಒಂದು ವಾರ ಯಾರೂ ಮಾತಾಡಿಸಬಾರದು. ಮೂರು ದಿನ ಬೋಂಡಾ ತಿಂದು, ಬಣ್ಣದ ಕಾಗದ ಕತ್ತರಿಸಿ, ಜಗತ್ತನ್ನೇ ತಿದ್ದುವ ಹುಮ್ಮಸ್ಸಿನಲ್ಲಿರುತ್ತಾನೆ. ಜಿಗಣಿ ಕಡೆಯ ನಮ್ಮ ಪ್ರಾಥಮಿಕ ಶಾಲೆಗೆ ನಾನೂ ಹಾಗೆಯೇ ಮರಳಿದೆ. ನಾಲ್ಕನೆಯ ತರಗತಿಯ ಪರಿಸರ ಅಧ್ಯಯನದಲ್ಲಿ 'ನಮಗೆ ನೆರವಾಗುವವರು' ಎಂಬ ಪಾಠ. ಪುಸ್ತಕದಲ್ಲಿ ಕುಂಬಾರ, ನೇಕಾರ, ಕಮ್ಮಾರ. ಕಿಟಕಿಯಾಚೆ ಬರೀ ಕಾರ್ಖಾನೆ, ಏಳುತ್ತಿರುವ ಕಟ್ಟಡ. ಮಕ್ಕಳ ಹೆತ್ತವರಿಂದಲೇ ಈ ಪಾಠ ಮಾಡಿಸಬೇಕೆಂದು ಹಟ ಹಿಡಿದೆ.

ಹಟ ಹಿಡಿಯುವುದು ಸುಲಭ, ಹೆತ್ತವರನ್ನು ಹಿಡಿಯುವುದು ಕಷ್ಟ. ಒಬ್ಬರಿಗೆ ಶಿಫ್ಟು, ಇನ್ನೊಬ್ಬರಿಗೆ ನಾಚಿಕೆ. ಯಾದಗಿರಿ ಕಡೆಯಿಂದ ಬಂದು ಗಾರೆ ಕೆಲಸ ಮಾಡುತ್ತಿದ್ದ ಯಲ್ಲಮ್ಮ, ನಮ್ಮ ಭಾಗ್ಯಳ ತಾಯಿ, ಓದು ಬರದ ತಾನೇನು ಹೇಳಲಿ ಎಂದು ನಾಲ್ಕು ಸಲ ತಪ್ಪಿಸಿಕೊಂಡಳು. ಐದನೆಯ ಸಲ ಅವಳ ಕೆಲಸದ ಜಾಗಕ್ಕೇ ಹೋಗಿ ಜಲ್ಲಿ ರಾಶಿಯ ಮೇಲೆ ಕುಳಿತುಬಿಟ್ಟೆ. ನನ್ನನ್ನು ಎಬ್ಬಿಸುವುದಕ್ಕಿಂತ ಅವಳಿಗೆ ಅರ್ಧ ದಿನ ರಜೆ ಕೊಡುವುದೇ ಮೇಸ್ತ್ರಿಗೆ ಸುಲಭ ಎನಿಸಿತು.

ಯಲ್ಲಮ್ಮ ತರಗತಿಗೆ ತೂಗುಗುಂಡು ತಂದಿದ್ದಳು. ದಾರದ ತುದಿಗೊಂದು ಕಬ್ಬಿಣದ ಗುಂಡು. ಗೋಡೆ ನೆಟ್ಟಗಿದೆಯೇ ಎಂದು ನೋಡುವ ಸಾಧನ. ಮಕ್ಕಳಿಗೆ ತೋರಿಸಲೆಂದು ಹಿಂದಿನ ಗೋಡೆಗೆ ಇಳಿಬಿಟ್ಟಳು. ಗುಂಡು ಬುಡ ಮುಟ್ಟದೆ ನಾಲ್ಕು ಬೆರಳು ಈಚೆ ನಿಂತಿತು; ಗೋಡೆ ಒಳಕ್ಕೆ ವಾಲಿತ್ತು. ಅವಳ ನಗು ನಿಂತಿತು. ನಾನು ಅಂಟಿಸಿದ್ದ ಋತುಗಳ ಪಟವನ್ನು ಮೆಲ್ಲಗೆ ಕಿತ್ತಳು. ಹಿಂದೆ ಸೂರಿನವರೆಗೆ ಬಿರುಕು.

ತಪ್ಪೊಪ್ಪಿಕೊಳ್ಳುತ್ತೇನೆ. ಆ ಬಿರುಕು ನನಗೆ ಗೊತ್ತಿತ್ತು. ಎರಡು ವರ್ಷದ ಹಿಂದೆ ಕೂದಲೆಳೆಯಷ್ಟಿತ್ತು. ಅದು ಬೆಳೆದಂತೆ ಮುಚ್ಚಲು ನಾನೂ ದೊಡ್ಡ ದೊಡ್ಡ ಪಟ ಬರೆದೆ, ಬಂದ ಅಧಿಕಾರಿಗಳೆಲ್ಲ ಹೊಗಳಿದರು.

"ಸರ, ಇದು ಪಟ ಹಚ್ಚಿ ಮುಚ್ಚೋ ಬಿರುಕಲ್ರಿ. ಮೊದ್ಲು ಹುಡುಗರ್ನ ಹೊರಗ ಕರ್ಕೋರಿ," ಎಂದಳು ಯಲ್ಲಮ್ಮ.

ಉಳಿದ ಪಾಠ ಹೊಂಗೆ ಮರದಡಿ ನಡೆಯಿತು. ಇಷ್ಟು ದಿನ ಬೀಳದ ಗೋಡೆ ಇವತ್ತೇ ಬೀಳುತ್ತದೆಯೇ ಎಂದರು ಮುಖ್ಯೋಪಾಧ್ಯಾಯಿನಿ. ಅವರ ಮಾತಿಗೆ ಎಂದೂ ಎದುರಾಡದ ನಾನು, "ಮೇಡಂ, ಮಕ್ಕಳನ್ನ ಒಳಗೆ ಕೂರಿಸಲ್ಲ," ಎಂದುಬಿಟ್ಟೆ. ಆಮೇಲೆ ಪ್ರತಿ ಸೋಮವಾರ ಅರ್ಜಿ ಹಿಡಿದು ಕಚೇರಿಗೆ ಅಲೆದೆ. ಕೊನೆಗೆ ಎಂಜಿನಿಯರು ಬಂದು, ನೋಡಿ, ಕೋಣೆಗೆ ಬೀಗ ಹಾಕಿಸಿದರು. ಬೇಸಿಗೆ ರಜೆಗೆ ಮುನ್ನ ಹೊಸ ಗೋಡೆ ಎದ್ದಿತು.

ವಾರ್ಷಿಕ ಪರೀಕ್ಷೆಯಲ್ಲಿ 'ನಿಮಗೆ ನೆರವಾದ ಒಬ್ಬರ ಬಗ್ಗೆ ಬರೆಯಿರಿ' ಎಂದು ಕೇಳಿದೆ. ಎಲ್ಲರದೂ ಯಲ್ಲಮ್ಮ. ಭಾಗ್ಯ ಒಬ್ಬಳೇ 'ನಮ್ಮ ಸರ್. ಅವ್ವನನ್ನು ಶಾಲೆಗೆ ಕರೆದರು' ಎಂದು ಬರೆದಿದ್ದಳು. ಕಣ್ಣು ತುಂಬಿ, ಪೂರ್ತಿ ಅಂಕ ಕೊಡಲು ಪೆನ್ನೆತ್ತಿದವನಿಗೆ ಮುಂದಿನ ಸಾಲು ಕಂಡಿತು: 'ಬಿರುಕು ಮುಚ್ಚಿದವರೂ ಅವರೇ.'

ಎರಡೂ ಸರಿಯುತ್ತರ. ಅಂಕ ಕೊಡದೆ ವಿಧಿಯಿರಲಿಲ್ಲ.